ಕೆಜಿಗೆ 20 ಲಕ್ಷ ಗುರಿಯಲ್ಲ: ಸ್ಟೆಮ್ ಸೆಲ್ ಡೋಸ್, ಪ್ಲೇಟ್‌ಲೆಟ್ ಮತ್ತು ನನ್ನ ಲೆಕ್ಕ

ತುಮಕೂರಿನಲ್ಲಿ ನಾನು ನೋಡುವ ಮೈಲೋಮಾ (ಮಜ್ಜೆಯ ಒಂದು ಕ್ಯಾನ್ಸರ್) ರೋಗಿಗಳು ಹೆಚ್ಚಾಗಿ ಪಾವಗಡ, ಶಿರಾ, ಮಧುಗಿರಿ ಕಡೆಯವರು. ಅವರದೇ ಸ್ಟೆಮ್ ಸೆಲ್ (ರಕ್ತ ಹುಟ್ಟಿಸುವ ಮೂಲ ಕೋಶ) ತೆಗೆದು ವಾಪಸ್ ಕೊಡುವ ಕಸಿ ಬೆಂಗಳೂರಿನಲ್ಲಿ ನಡೆಯುತ್ತದೆ. ಮುಂಚಿನ ತಯಾರಿ, ಆಮೇಲಿನ ಕೌಂಟ್ ಇಲ್ಲಿ. ಡೋಸ್ ವಿಷಯದಲ್ಲಿ ನಾನು ಹಟ ಹಿಡಿಯುವುದು ಅದಕ್ಕೇ. ದೇಹತೂಕದ ಕೆಜಿಗೆ 20 ಲಕ್ಷ ಸಿಡಿ34 ಕೋಶ (ಸಿಡಿ34 ಎಂಬುದು ಸ್ಟೆಮ್ ಸೆಲ್ ಎಣಿಸಲು ಬಳಸುವ ಗುರುತು) ಎಂಬುದು ಕನಿಷ್ಠ ಮಿತಿ. ನನ್ನ ಗುರಿ 40ರಿಂದ 50 ಲಕ್ಷ. ಕನಿಷ್ಠ ದಾಟಿದ್ದರೆ ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿಕಣ) ಸಾಮಾನ್ಯವಾಗಿ 10–12ನೇ ದಿನಕ್ಕೆ ಮೈಕ್ರೋಲೀಟರ್‌ಗೆ 500 ಮುಟ್ಟುತ್ತದೆ, ಹೆಚ್ಚು ಕೊಟ್ಟರೆ ಅಲ್ಲಿ ದೊಡ್ಡ ಲಾಭವಿಲ್ಲ. ಫರಕು ಬೀಳುವುದು ಪ್ಲೇಟ್‌ಲೆಟ್‌ನಲ್ಲಿ. ಡೋಸ್ ಕಮ್ಮಿಯಾದಷ್ಟೂ ಅದು ಎಳೆಯುತ್ತದೆ. ಪಾವಗಡದಿಂದ ಇಲ್ಲಿಗೇ ಸುಮಾರು 100 ಕಿಮೀ. ಪ್ಲೇಟ್‌ಲೆಟ್ ಹಾಕಿಸಲು ಒಂದು ಬಾರಿ ಹೆಚ್ಚು ಬರುವುದೆಂದರೆ ಆ ಮನೆಗೆ ಒಂದು ದಿನದ ಕೂಲಿ ಹೋಯಿತು.

ಕೆಲಸ ಕೆಡುವುದು ಬಹುಮಟ್ಟಿಗೆ ಮೊದಲೇ. ಮೈಲೋಮಾಗೆ ಕೊಡುವ ಲೆನಾಲಿಡೊಮೈಡ್ ಮಾತ್ರೆ ತಿಂಗಳುಗಟ್ಟಲೆ ನಡೆದರೆ ಮಜ್ಜೆ ಕೋಶಗಳನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ನಾಲ್ಕು ಸೈಕಲ್ (ಚಿಕಿತ್ಸೆಯ ಸುತ್ತು) ಮುಗಿಯುವಷ್ಟರಲ್ಲಿ ಕಸಿ ಕೇಂದ್ರಕ್ಕೆ ಕಳಿಸುತ್ತೇನೆ. ಕಸಿಗೆ ಹೋಗಬಹುದಾದವರಿಗೆ ಮೆಲ್ಫಲಾನ್ ಎಂಬ ಕೀಮೋ ಔಷಧದ ಮಾತ್ರೆ ಬರೆಯುವುದೇ ಇಲ್ಲ, ಅದೂ ಸ್ಟೆಮ್ ಸೆಲ್‌ಗೆ ಪೆಟ್ಟು.

ಜಿ‌ಸಿಎಸ್‌ಎಫ್ (ಮಜ್ಜೆಯ ಕೋಶಗಳನ್ನು ರಕ್ತಕ್ಕೆ ಇಳಿಸುವ ಇಂಜೆಕ್ಷನ್) ದಿನಕ್ಕೆ ಕೆಜಿಗೆ 10 ಮೈಕ್ರೋಗ್ರಾಂ. 60 ಕೆಜಿಯವರಿಗೆ 600: ಬೆಳಿಗ್ಗೆ 300, ಸಂಜೆ 300. ನಾಲ್ಕು ದಿನ ಕೊಟ್ಟು ಐದನೇ ಬೆಳಿಗ್ಗೆ ಸಂಗ್ರಹ. ಇಂಜೆಕ್ಷನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಬಸ್ಸಿನಲ್ಲಿ ಒಯ್ಯುವಾಗ ಮಂಜುಗಡ್ಡೆಗೆ ನೇರ ತಗುಲಿ ಹೆಪ್ಪುಗಟ್ಟಲೂ ಬಾರದು, ಹಾಗಾಗಿ ನಡುವೆ ದಪ್ಪ ಬಟ್ಟೆ ಸುತ್ತಿಸುತ್ತೇನೆ. ಮೂಳೆನೋವಿಗೆ ಪ್ಯಾರಾಸಿಟಮಾಲ್ ಸಾಕು. ಡೈಕ್ಲೊಫೆನಾಕ್ ಬೇಡ, ಮೈಲೋಮಾದಲ್ಲಿ ಕಿಡ್ನಿ ಮೊದಲೇ ಸೂಕ್ಷ್ಮ.

ನಾಲ್ಕನೇ ದಿನ ರಕ್ತದಲ್ಲಿ ಸಿಡಿ34 ಎಣಿಸಬೇಕು. ಮೈಕ್ರೋಲೀಟರ್‌ಗೆ 10ಕ್ಕಿಂತ ಕಮ್ಮಿಯಿದ್ದರೆ ಪ್ಲೆರಿಕ್ಸಾಫಾರ್ (ಕೋಶಗಳನ್ನು ರಕ್ತಕ್ಕೆ ಇಳಿಸುವ ಇನ್ನೊಂದು ಇಂಜೆಕ್ಷನ್), ಕೆಜಿಗೆ 0.24 ಮಿಗ್ರಾಂ, ಸಂಗ್ರಹಕ್ಕೆ ಸುಮಾರು 11 ಗಂಟೆ ಮುಂಚೆ. ಬೆಳಿಗ್ಗೆ 9ಕ್ಕೆ ಯಂತ್ರ ಹತ್ತಿಸುವುದಾದರೆ ರಾತ್ರಿ 10ಕ್ಕೆ ಸೂಜಿ. ದುಬಾರಿ ಔಷಧ ನಿಜ. ಆದರೆ ಸಂಗ್ರಹವೇ ಸೋತು ಮತ್ತೆ ಮೊದಲಿಂದ ಶುರುಮಾಡುವುದು ಇನ್ನೂ ದುಬಾರಿ.

ಡೋಸ್ ಲೆಕ್ಕವನ್ನು ಡಿಸ್ಚಾರ್ಜ್ ಚೀಟಿಯಿಂದ ನಾನೇ ಇನ್ನೊಮ್ಮೆ ಮಾಡುತ್ತೇನೆ. ಉದಾಹರಣೆಗೆ, ಸಂಗ್ರಹಿಸಿದ ಕೋಶಗಳ ಚೀಲ 200 ಮಿಲಿ, ಮಿಲಿಗೆ 15 ಕೋಟಿ ಬಿಳಿಕಣ ಅಂದರೆ ಒಟ್ಟು 3,000 ಕೋಟಿ. ಅದರಲ್ಲಿ ಸಿಡಿ34 ಶೇ. 0.8, ಅಂದರೆ 24 ಕೋಟಿ. 60 ಕೆಜಿಗೆ ಭಾಗಿಸಿದರೆ ಕೆಜಿಗೆ 40 ಲಕ್ಷ. ತಪ್ಪು ನುಸುಳುವ ಜಾಗ ಎರಡು. ಚೀಲದ ಬಿಳಿಕಣ ಸೆಲ್ ಕೌಂಟರ್‌ನ ಮಿತಿ ಮೀರಿರುತ್ತದೆ. ತೆಳುಮಾಡಿ ಎಣಿಸಿ, ಅಷ್ಟರಿಂದ ಗುಣಿಸಲು ಮರೆಯಬಾರದು. ಇನ್ನೊಂದು ತೂಕ: ದಾಖಲಾದ ದಿನದ್ದೇ ಬೇಕು, ಮೂರು ತಿಂಗಳ ಹಿಂದಿನ ಚೀಟಿಯದ್ದಲ್ಲ.

ಕೋಶ ವಾಪಸ್ ಕೊಡುವ ಮುಂಚೆ ಹೆಚ್ಚಿನ ಡೋಸ್‌ನಲ್ಲಿ ಕೊಡುವ ಮೆಲ್ಫಲಾನ್ ದೇಹದಿಂದ ಬೇಗ ಇಳಿಯುವುದರಿಂದ ಕೋಶಗಳನ್ನು ಹೆಪ್ಪುಗಟ್ಟಿಸದೆ 4 ಡಿಗ್ರಿಯಲ್ಲಿ ಎರಡು ಮೂರು ದಿನ ಇಟ್ಟು, ಔಷಧದ ಮಾರನೇ ದಿನ ಕೊಡಬಹುದು. ಖರ್ಚು ಉಳಿಯುತ್ತದೆ. ಆದರೆ ದಿನ ಕಳೆದಂತೆ ಕೋಶ ಸಾಯುತ್ತವೆ. ಕೊಡುವ ದಿನದ ಜೀವಂತ ಕೋಶಗಳ ಲೆಕ್ಕ ನೋಡದೆ ಸಂಗ್ರಹದ ದಿನದ ಅಂಕಿ ನಂಬುವುದಿಲ್ಲ.

ಡೋಸ್ ಚೆನ್ನಾಗಿದ್ದೂ 14ನೇ ದಿನಕ್ಕೆ ಕೌಂಟ್ ಏಳದಿದ್ದರೆ ಸೋಂಕು ಹುಡುಕುತ್ತೇನೆ, ಊದಿದ ಗುಲ್ಮ ನೋಡುತ್ತೇನೆ, ಕೋಟ್ರೈಮಾಕ್ಸಜೋಲ್ (ಕೌಂಟ್ ಇಳಿಸಬಲ್ಲ ಆಂಟಿಬಯೋಟಿಕ್) ಬೇಗ ಶುರುವಾಗಿದೆಯೇ ಎಂದು ಮಾತ್ರೆಪಟ್ಟಿ ತಿರುವುತ್ತೇನೆ. ಬಿ12 ಅನ್ನು ಕಸಿಗೆ ಕಳಿಸುವ ಮುಂಚೆಯೇ ನೋಡಿ ಸರಿಮಾಡಿರುತ್ತೇನೆ.

ಊರಿಗೆ ಬಂದ ಮೇಲೂ ಮೂರು ತಿಂಗಳು ರಕ್ತ, ಪ್ಲೇಟ್‌ಲೆಟ್ ಎರಡೂ ಇರ್ರೇಡಿಯೇಟ್ ಮಾಡಿದ್ದೇ (ವಿಕಿರಣ ಹಾಯಿಸಿದ್ದೇ) ಆಗಬೇಕು. ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದುಕೊಡುತ್ತೇನೆ. ಪ್ಲೇಟ್‌ಲೆಟ್ ಚೀಲ ತರುವ ಮನೆಯವರಿಗೆ ಇನ್ನೊಂದು ಮಾತು: ಅದನ್ನು ಐಸ್ ಡಬ್ಬಿಯಲ್ಲಿ ಇಡಬೇಡಿ. 20ರಿಂದ 24 ಡಿಗ್ರಿ ಅದರ ಹದ. ನೇರ ತನ್ನಿ, ಬಂದ ತಕ್ಷಣ ಹಾಕಿಸಿ.