ಪ್ರಿನ್ಸ್‌ಟನ್‌ನಲ್ಲಿ ಆಟ ಹೇಗೆ ನಡೆಯುತ್ತದೆ: ಮಕ್ಕಳನ್ನು ಸೇರಿಸುವ ಆಸೆ ಇರುವ ಅಪ್ಪ-ಅಮ್ಮಂದಿರಿಗೆ

ನ್ಯೂಜೆರ್ಸಿಯ ಎಡಿಸನ್, ಪ್ಲೇನ್ಸ್‌ಬರೋ, ವೆಸ್ಟ್ ವಿಂಡ್ಸರ್ ಕಡೆಯ ನಮ್ಮ ಮನೆಗಳಲ್ಲಿ ಮಕ್ಕಳು ಏಳನೇ ಎಂಟನೇ ಕ್ಲಾಸಿಗೆ ಬಂದರೆ ಸಾಕು, ಒಂದು ಮಾತು ಶುರುವಾಗುತ್ತದೆ. "ಸ್ಕ್ವಾಷೋ ಫೆನ್ಸಿಂಗೋ ಏನಾದ್ರೂ ಒಂದಕ್ಕೆ ಹಾಕಿಬಿಡಿ, ಆಮೇಲೆ ಪ್ರಿನ್ಸ್‌ಟನ್‌ನಲ್ಲಿ ಸ್ಪೋರ್ಟ್ಸ್ ಸ್ಕಾಲರ್‌ಶಿಪ್ ಸಿಗುತ್ತೆ."

ಸಿಗಲ್ಲ. ಆಟ ಆಡುತ್ತಾರೆ ಅಂತ ಪ್ರಿನ್ಸ್‌ಟನ್ ಯೂನಿವರ್ಸಿಟಿ ಯಾರಿಗೂ ಒಂದು ಡಾಲರ್ ಸ್ಕಾಲರ್‌ಶಿಪ್ ಕೊಡುವುದಿಲ್ಲ. ಹಾರ್ವರ್ಡ್, ಯೇಲ್, ಕೊಲಂಬಿಯಾ, ಬ್ರೌನ್, ಕಾರ್ನೆಲ್, ಡಾರ್ಟ್‌ಮತ್, ಪೆನ್ ಕೂಡ ಅಷ್ಟೇ. ಐವಿ ಲೀಗ್ ಅಂದರೆ ದೊಡ್ಡ ಕಾಲೇಜುಗಳಿಗೆ ಕೊಟ್ಟ ಬಿರುದು ಅಂತ ನಮ್ಮಲ್ಲಿ ತುಂಬ ಜನ ಅಂದುಕೊಂಡಿದ್ದಾರೆ. ಅದು ಮೂಲದಲ್ಲಿ ಈ ಎಂಟು ಕಾಲೇಜುಗಳ ಆಟದ ಲೀಗ್. 1954ರಲ್ಲಿ ಎಲ್ಲ ಆಟಗಳಿಗೂ ಅನ್ವಯಿಸುವ ಒಪ್ಪಂದ ಮಾಡಿಕೊಂಡರು. ಆಟದ ಹೆಸರಲ್ಲಿ ದುಡ್ಡು ಕೊಡಬಾರದು ಅನ್ನುವುದು ಅದರ ಮುಖ್ಯ ನಿಯಮ, ಇವತ್ತಿಗೂ ಅದನ್ನು ಬಿಟ್ಟಿಲ್ಲ.

ಅಲ್ಲಿಂದ ಸ್ವಲ್ಪ ದೂರದಲ್ಲೇ ಇರುವ ರಟ್ಗರ್ಸ್‌ನ ಲೆಕ್ಕವೇ ಬೇರೆ. ಅದು ಸರ್ಕಾರಿ ಯೂನಿವರ್ಸಿಟಿ, ಬಿಗ್ ಟೆನ್ ಲೀಗಿನಲ್ಲಿದೆ, ಆಟಕ್ಕೆ ಸ್ಕಾಲರ್‌ಶಿಪ್ ಕೊಡುತ್ತದೆ. 2025ರಲ್ಲಿ ಕೋರ್ಟು ಒಪ್ಪಿದ ಒಂದು ರಾಜಿಯ ನಂತರ ಅಂಥ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣವನ್ನೂ ಕೊಡಬಹುದು. ಐವಿ ಲೀಗ್ ಅದಕ್ಕೆ ಸೇರಲ್ಲ ಎಂದು ಮೊದಲೇ ಹೇಳಿಬಿಟ್ಟಿತು. ಹಾಗಂತ ಪ್ರಿನ್ಸ್‌ಟನ್ ಸಣ್ಣ ಮಟ್ಟದಲ್ಲಿ ಆಡುತ್ತದೆ ಅಂತಲ್ಲ. ಅಮೆರಿಕದ ಕಾಲೇಜು ಆಟಗಳನ್ನು ನೋಡಿಕೊಳ್ಳುವ ಸಂಸ್ಥೆ ಎನ್‌ಸಿಎಎ, ಅದರ ಅತಿ ಮೇಲಿನ ಮಟ್ಟವಾದ ಡಿವಿಜನ್ 1ರಲ್ಲೇ ಎರಡೂ ಇವೆ. ಇವೆರಡರ ನಂಟೂ ಹಳೆಯದು. 1869ರ ನವೆಂಬರ್ 6ರಂದು ನ್ಯೂ ಬ್ರನ್ಸ್‌ವಿಕ್‌ನಲ್ಲಿ ಇವೆರಡೂ ಆಡಿದ ಪಂದ್ಯವನ್ನೇ ಅಮೆರಿಕದ ಮೊದಲ ಕಾಲೇಜು ಫುಟ್‌ಬಾಲ್ ಪಂದ್ಯ ಎನ್ನುತ್ತಾರೆ. ರಟ್ಗರ್ಸ್ 6-4ರಲ್ಲಿ ಗೆದ್ದಿತು.

ಹಾಗಾದರೆ ದುಡ್ಡಿನ ಕಥೆ ಏನು? ನೀಡ್ ಬೇಸ್ಡ್ ಏಯ್ಡ್, ಅಂದರೆ ಮನೆಯ ಆದಾಯ, ಆಸ್ತಿ ನೋಡಿ ಕೊಡುವ ಸಹಾಯ. ಪ್ರಿನ್ಸ್‌ಟನ್‌ನಲ್ಲಿ ಇದು ನಿಜಕ್ಕೂ ದೊಡ್ಡದು. 2001ರಿಂದ ಸಹಾಯದ ಪ್ಯಾಕೇಜಿನಲ್ಲಿ ಸಾಲ ಸೇರಿಸುವುದನ್ನೇ ನಿಲ್ಲಿಸಿದ್ದಾರೆ. 2025-26ರಿಂದ ವರ್ಷಕ್ಕೆ 1,50,000 ಡಾಲರ್ ತನಕ ಆದಾಯ ಇರುವ ಹೆಚ್ಚಿನ ಮನೆಗಳು ಊಟ, ವಸತಿ ಸೇರಿ ಏನೂ ಕಟ್ಟಬೇಕಿಲ್ಲ. 2,50,000ದ ತನಕ ಹೆಚ್ಚಿನವರಿಗೆ ಟ್ಯೂಷನ್ ಫೀಸ್ ಇಲ್ಲ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ನೇರವಾಗಿ ಅರ್ಜಿ ಹಾಕುವ ಮಕ್ಕಳಿಗೂ ಸಹಾಯ ಸಿಗುತ್ತದೆ, ಸಹಾಯ ಕೇಳಿದ್ದಾರೆ ಅನ್ನುವುದು ಅಡ್ಮಿಶನ್‌ಗೆ ಅಡ್ಡ ಬರುವುದಿಲ್ಲ.

ಇದರಲ್ಲಿ ನನಗೆ ತುಂಬ ಇಷ್ಟವಾದ ಸಂಗತಿ ಒಂದಿದೆ. ಈ ಸಹಾಯಕ್ಕೂ ಆಟಕ್ಕೂ ಗಂಟು ಹಾಕಿಲ್ಲ. ಎರಡನೇ ವರ್ಷದಲ್ಲಿ ಮಂಡಿ ಮುರಿದುಕೊಂಡರೂ, ಕೋಚ್ ಜೊತೆ ಸರಿಹೋಗದಿದ್ದರೂ, ಸುಮ್ನೆ ಆಟ ಸಾಕಾಯಿತು ಅನಿಸಿದರೂ ಮಗು ಟೀಮ್ ಬಿಡಬಹುದು, ಆ ಕಾರಣಕ್ಕೆ ಏಯ್ಡ್ ಹೋಗುವುದಿಲ್ಲ. ಹದಿನೆಂಟು ವರ್ಷದ ಮಕ್ಕಳಿಗೆ ಇದಕ್ಕಿಂತ ದೊಡ್ಡ ನೆಮ್ಮದಿ ಯಾವುದು ಹೇಳಿ.

ಈಗ ಅಡ್ಮಿಶನ್ ವಿಷಯ. ಸ್ಕಾಲರ್‌ಶಿಪ್ ಇಲ್ಲದಿದ್ದರೂ ಆಟದಿಂದ ಅನುಕೂಲ ಇದ್ದೇ ಇದೆ, ಅದನ್ನು ಮುಚ್ಚಿಡುವುದು ಬೇಡ. ಪ್ರತಿ ಕೋಚ್‌ಗೂ ಅಡ್ಮಿಶನ್ ಆಫೀಸಿನ ಮುಂದೆ ಇಷ್ಟು ಜನ ಎಂದು ಹೆಸರು ಹೇಳುವ ಅವಕಾಶ ಇರುತ್ತದೆ. ಹೆಚ್ಚಿನ ಆಟಗಳಲ್ಲಿ ಮಕ್ಕಳು ಹತ್ತನೇ ಕ್ಲಾಸ್ ಮುಗಿಸಿದ ವರ್ಷದ ಜೂನ್ 15ರಿಂದ ಕೋಚ್‌ಗಳು ಅವರ ಜೊತೆ ನೇರವಾಗಿ ಮಾತಾಡಬಹುದು. ಅದಕ್ಕೂ ಮುಂಚೆ ನೀವು ಮೇಲ್ ಕಳಿಸಿದರೆ ಉತ್ತರ ಬರುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ, ಅವರ ಕೈ ಕಟ್ಟಿರುತ್ತದೆ. ಹನ್ನೊಂದನೇ ಕ್ಲಾಸ್ ಮುಗಿದ ಬೇಸಿಗೆಯಲ್ಲಿ ಆಸಕ್ತಿ ಇರುವ ಕೋಚ್ ಮಾರ್ಕ್ಸ್ ಕೇಳಿ, ಅಡ್ಮಿಶನ್ ಆಫೀಸಿಗೆ ತೋರಿಸುತ್ತಾರೆ. ಇದಕ್ಕೆ ಪ್ರೀ-ರೀಡ್ ಎನ್ನುತ್ತಾರೆ. ಎಲ್ಲ ಸರಿ ಹೋದರೆ ಅಕ್ಟೋಬರ್ ನಂತರ ಲೈಕ್ಲಿ ಲೆಟರ್ ಬರಬಹುದು, ಅಂದರೆ ಮಾರ್ಕ್ಸು, ನಡತೆ ಹೀಗೇ ಇದ್ದರೆ ಸೀಟು ಸಿಗುತ್ತದೆ ಎಂಬ ಕಾಗದ. ಅದನ್ನು ಬರೆಯುವುದು ಅಡ್ಮಿಶನ್ ಆಫೀಸು. ಕೋಚ್ ಬಾಯಲ್ಲಿ ಹೇಳಿದ "ನೀನು ನಮಗೆ ಬೇಕು" ಅನ್ನುವ ಮಾತು ಎಷ್ಟೇ ಪ್ರಾಮಾಣಿಕವಾಗಿರಲಿ, ಅದು ಸೀಟು ಅಲ್ಲ. ಬೇರೆ ಕಾಲೇಜಿನ ಆಫರ್ ಕೈಬಿಡುವ ಮುಂಚೆ ಇದನ್ನು ಮತ್ತೆ ಮತ್ತೆ ನೆನಪು ಮಾಡಿಕೊಳ್ಳಿ.

ಎಂಟೂ ಕಾಲೇಜುಗಳು ಅಕಾಡೆಮಿಕ್ ಇಂಡೆಕ್ಸ್ ಎಂಬ ಅಳತೆ ಇಟ್ಟುಕೊಂಡಿವೆ. ಆಟಗಾರರ ಮಾರ್ಕ್ಸ್ ಮಟ್ಟ ಕಾಲೇಜಿನ ಉಳಿದ ಮಕ್ಕಳಿಗಿಂತ ತೀರಾ ಕೆಳಗೆ ಇಳಿಯಬಾರದು ಅನ್ನುವುದಕ್ಕೆ ಅದು. ಆದ್ದರಿಂದ ಓದು ಬಿಟ್ಟು ಆಟ ಹಿಡಿಸುವ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ. ಇದರ ಜೊತೆ ಆಡುವ ಅರ್ಹತೆ ಪರಿಶೀಲಿಸುವ ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್‌ನಲ್ಲಿ ಹೆಸರು ನೋಂದಾಯಿಸಬೇಕು, ಹೈಸ್ಕೂಲಿನಲ್ಲಿ 16 ಕೋರ್ ಕೋರ್ಸ್, ಅಂದರೆ ಇಂಗ್ಲಿಷ್, ಗಣಿತ, ವಿಜ್ಞಾನದಂಥ ಮುಖ್ಯ ವಿಷಯಗಳ ಕೋರ್ಸ್ ಮುಗಿಸಿರಬೇಕು. ಕರ್ನಾಟಕದಿಂದ ಬರುವವರು ಎಸ್ಸೆಸ್ಸೆಲ್ಸಿ, ಪಿಯುಸಿ ಮಾರ್ಕ್ಸ್ ಕಾರ್ಡ್‌ಗಳನ್ನು ಅಲ್ಲಿಗೇ ಕಳಿಸಬೇಕು. ಪಿಯುಸಿ ಆದಮೇಲೆ ವರ್ಷಗಟ್ಟಲೆ ಟೂರ್ನಮೆಂಟ್ ಆಡಿಕೊಂಡು ತಡವಾಗಿ ಬಂದರೆ ಆಡುವ ಅರ್ಹತೆಗೇ ಕುತ್ತು ಬರಬಹುದು, ಮೊದಲೇ ವಿಚಾರಿಸಿ. ಎಫ್-1 ವೀಸಾದಲ್ಲಿ, ಅಂದರೆ ವಿದ್ಯಾರ್ಥಿ ವೀಸಾದಲ್ಲಿ ಇರುವವರು ತಮ್ಮ ಹೆಸರು, ಫೋಟೋ ಬಳಸಲು ಯಾವುದಾದರೂ ಕಂಪನಿ ದುಡ್ಡು ಕೊಡುತ್ತೇನೆ ಎಂದರೆ ಸಹಿ ಹಾಕುವ ಮುಂಚೆ ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿಗೆ ಹೋಗಿ ಕೇಳಲೇಬೇಕು. ಅಮೆರಿಕದ ಮಕ್ಕಳಿಗೆ ಅದು 2021ರಿಂದ ಸಲೀಸು, ವೀಸಾ ಮಕ್ಕಳಿಗೆ ಅಲ್ಲ.

ದುಡ್ಡು ಕೊಟ್ಟರೆ ಕೋಚ್ ಹತ್ತಿರ ಮಾತಾಡಿಸಿ ಸೀಟು ಕೊಡಿಸುತ್ತೇನೆ ಎನ್ನುವವರಿಂದ ದೂರ ಇರಿ. 2019ರಲ್ಲಿ ಹೊರಬಂದ ದೊಡ್ಡ ಹಗರಣದಲ್ಲಿ ಆಟವನ್ನೇ ಆಡದ ಮಕ್ಕಳನ್ನು ಆಟಗಾರರು ಎಂದು ತೋರಿಸಿ ಸೀಟು ಕೊಡಿಸಿದ್ದರು, ಅಪ್ಪ-ಅಮ್ಮಂದಿರೇ ಜೈಲಿಗೆ ಹೋದರು.

ಇಷ್ಟೆಲ್ಲ ಹೇಳಿದ್ದು ವಾರ್ಸಿಟಿ ಟೀಮುಗಳ ಬಗ್ಗೆ, ಅಂದರೆ ಕಾಲೇಜಿನ ಹೆಸರಿನಲ್ಲಿ ಆಡುವ ಅಧಿಕೃತ ಟೀಮುಗಳು. ಅದರ ಕೆಳಗೆ ಕ್ಲಬ್ ಸ್ಪೋರ್ಟ್ಸ್ ಇದೆ, ಹುಡುಗರು-ಹುಡುಗಿಯರೇ ನಡೆಸುವ ಟೀಮುಗಳು, ಬೇರೆ ಕಾಲೇಜಿಗೂ ಹೋಗಿ ಆಡುತ್ತಾರೆ. ಇನ್ನೂ ಕೆಳಗೆ ಇಂಟ್ರಾಮ್ಯೂರಲ್, ಹಾಸ್ಟೆಲ್-ಹಾಸ್ಟೆಲ್ ನಡುವಿನ ಪಂದ್ಯಗಳ ಹಾಗೆ. ನಮ್ಮ ಕ್ರಿಕೆಟ್ ಐವಿ ಲೀಗಿನಲ್ಲಿ ಎಲ್ಲೂ ವಾರ್ಸಿಟಿ ಆಟ ಅಲ್ಲ. ಇಡೀ ಅಮೆರಿಕದಲ್ಲಿ ಕ್ರಿಕೆಟ್‌ಗೆ ವಾರ್ಸಿಟಿ ಸ್ಥಾನ ಕೊಟ್ಟಿರುವುದು ಫಿಲಡೆಲ್ಫಿಯಾ ಹತ್ತಿರದ ಹ್ಯಾವರ್‌ಫರ್ಡ್ ಎಂಬ ಪುಟ್ಟ ಕಾಲೇಜು. ಕ್ರಿಕೆಟ್ ಆಡುವ ಮಗುವಿಗೆ ನನ್ನ ಸಲಹೆ: ಆಡಲಿ, ಖುಷಿಗೆ ಆಡಲಿ, ಅರ್ಜಿಯಲ್ಲೂ ಹೆಮ್ಮೆಯಿಂದ ಬರೆಯಲಿ. ಆದರೆ ಅದಕ್ಕೆ ಕೋಚ್‌ನ ಬೆಂಬಲ ಸಿಗುತ್ತದೆ ಎಂದು ಕಾಯಬೇಡಿ.

ಕೋಚ್ ಆರಿಸದೆ ಬಂದವರಿಗೂ ಕೆಲವು ಟೀಮುಗಳಲ್ಲಿ ಬಾಗಿಲು ತೆರೆದಿರುತ್ತದೆ, ಅವರನ್ನು ವಾಕ್-ಆನ್ ಎನ್ನುತ್ತಾರೆ. ಅದರಲ್ಲೂ ದೋಣಿ ಸ್ಪರ್ಧೆ, ಅಂದರೆ ರೋಯಿಂಗ್. ಮುಂಚೆ ಹುಟ್ಟು ಮುಟ್ಟಿರದವರೂ ಕಾಲೇಜಿಗೆ ಬಂದಮೇಲೆ ಕಲಿತು ಟೀಮು ಸೇರಿದ್ದುಂಟು. ಆಳು ಸಣ್ಣದಿದ್ದು ಗಂಟಲು ದೊಡ್ಡದಿದ್ದರೆ ಕಾಕ್ಸನ್ ಆಗಬಹುದು, ಅಂದರೆ ಹುಟ್ಟು ಹಾಕದೆ ದೋಣಿಗೆ ದಾರಿ ತೋರಿಸುತ್ತ ಕೂಗಿ ಹೇಳುವವರು. ಬೆಳಿಗ್ಗೆ ವಾಷಿಂಗ್ಟನ್ ರೋಡಿನ ಸೇತುವೆ ಮೇಲೆ ನಿಂತರೆ ಕಾರ್ನೆಗಿ ಕೆರೆಯಲ್ಲಿ ಇವರ ಅಭ್ಯಾಸ ಕಾಣುತ್ತದೆ. ಎಂಟು ಜನ ಹಿಂದಕ್ಕೆ ಮುಖ ಮಾಡಿ ಕೂತಿರುತ್ತಾರೆ, ದಾರಿ ಕಾಣುವುದು ಅವರ ಎದುರಿಗೆ ಕೂತ ಕಾಕ್ಸನ್ ಒಬ್ಬರಿಗೇ. ಎಂಟು ಹುಟ್ಟೂ ಒಂದೇ ಸಲ ನೀರಿಗೆ ಬಿದ್ದಾಗ ಒಂದೇ ಒಂದು ಸದ್ದು ಕೇಳುತ್ತದೆ, ಒಬ್ಬರು ಕೂದಲೆಳೆಯಷ್ಟು ತಡ ಮಾಡಿದರೂ ಆ ಸದ್ದು ಒಡೆಯುತ್ತದೆ, ತಕ್ಷಣ ಕಾಕ್ಸನ್ ಕೂಗುತ್ತಾರೆ. ಆ ಕೆರೆಯೂ ಇದಕ್ಕಾಗಿಯೇ ಆದದ್ದು. ಆಂಡ್ರ್ಯೂ ಕಾರ್ನೆಗಿ ದುಡ್ಡು ಕೊಟ್ಟು ಕಟ್ಟಿಸಿದ್ದು, 1906ರಲ್ಲಿ ಮುಗಿಯಿತು.

ಸೀಸನ್ ಇರುವಾಗ ಅಭ್ಯಾಸಕ್ಕೆ ವಾರಕ್ಕೆ 20 ಗಂಟೆ ಮಿತಿ ಅಂತ ಎನ್‌ಸಿಎಎ ನಿಯಮ ಹೇಳುತ್ತದೆ. ಬಸ್ಸಿನ ಪ್ರಯಾಣ ಅದರಲ್ಲಿ ಸೇರಿಲ್ಲ. ಆಟಗಾರರಿಗೂ ಕೊನೇ ವರ್ಷದ ಪ್ರಬಂಧದಿಂದ ವಿನಾಯಿತಿ ಇಲ್ಲ. ಎರಡೂ ಆಗುತ್ತದಾ ಅಂತ ಕೇಳುವವರಿಗೆ ಬಿಲ್ ಬ್ರಾಡ್ಲಿ ಹೆಸರು ಹೇಳಬೇಕು. 1965ರಲ್ಲಿ ಪ್ರಿನ್ಸ್‌ಟನ್ ಬ್ಯಾಸ್ಕೆಟ್‌ಬಾಲ್ ಟೀಮನ್ನು ಫೈನಲ್ ಫೋರ್‌ಗೆ, ಅಂದರೆ ಎನ್‌ಸಿಎಎ ಟೂರ್ನಿಯ ಕೊನೆಯ ನಾಲ್ಕು ಟೀಮುಗಳ ಸುತ್ತಿಗೆ ಒಯ್ದು, ರೋಡ್ಸ್ ಸ್ಕಾಲರ್ ಆಗಿ ಆಕ್ಸ್‌ಫರ್ಡ್‌ಗೆ ಹೋಗಿ, ಆಮೇಲೆ ಎನ್‌ಬಿಎ ಆಡಿ, ನಮ್ಮ ನ್ಯೂಜೆರ್ಸಿಯ ಸೆನೆಟರ್ ಆದವರು. ಸ್ಕಾಲರ್‌ಶಿಪ್ ಇಲ್ಲದ ಇದೇ ಟೀಮು ಪೀಟ್ ಕ್ಯಾರಿಲ್ ಕೋಚ್ ಆಗಿದ್ದಾಗ, 1996ರಲ್ಲಿ, ಹಿಂದಿನ ವರ್ಷದ ಚಾಂಪಿಯನ್ ಯುಸಿಎಲ್‌ಎಯನ್ನು 43-41ರಲ್ಲಿ ಸೋಲಿಸಿತು. 2023ರಲ್ಲಿ ಅದೇ ಟೂರ್ನಿಗೆ 15ನೇ ಸೀಡ್ ಆಗಿ, ಅಂದರೆ ತುಂಬ ಕೆಳಗಿನ ಶ್ರೇಯಾಂಕದಲ್ಲಿ ಹೋಗಿ ಅರಿಜೋನಾವನ್ನು ಮನೆಗೆ ಕಳಿಸಿತು.

ಯಾವುದನ್ನೂ ತೀರ್ಮಾನಿಸುವ ಮುಂಚೆ ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿ ನೋಡಿ. ಫುಟ್‌ಬಾಲ್ ಸೆಪ್ಟೆಂಬರ್‌ನಿಂದ ನವೆಂಬರ್ ತನಕ, ಬ್ಯಾಸ್ಕೆಟ್‌ಬಾಲ್ ಚಳಿಗಾಲದಲ್ಲಿ ಜ್ಯಾಡ್ವಿನ್ ಜಿಮ್‌ನಲ್ಲಿ, ದೋಣಿ ಸ್ಪರ್ಧೆ ವಸಂತದಲ್ಲಿ. ನ್ಯೂಯಾರ್ಕ್ ಕಡೆಯಿಂದ ಬರುವವರು ಪ್ರಿನ್ಸ್‌ಟನ್ ಜಂಕ್ಷನ್‌ನಲ್ಲಿ ಇಳಿದು ಡಿಂಕಿ ಎಂಬ ಪುಟ್ಟ ರೈಲು ಹತ್ತಿದರೆ ಕ್ಯಾಂಪಸ್ ಹತ್ತಿರವೇ ಬಿಡುತ್ತದೆ. ಒಂದೇ ಸೀಸನ್‌ನಲ್ಲಿ ಫುಟ್‌ಬಾಲ್ ಟೀಮು ಹಾರ್ವರ್ಡ್, ಯೇಲ್ ಎರಡನ್ನೂ ಸೋಲಿಸಿದರೆ ಕ್ಯಾಂಪಸ್‌ನಲ್ಲಿ ದೊಡ್ಡ ಬೆಂಕಿ ಹಾಕಿ ಸಂಭ್ರಮಿಸುತ್ತಾರೆ. ಅಂಥ ವರ್ಷ ಬಂದರೆ ಮಾತ್ರ ತಪ್ಪಿಸಿಕೊಳ್ಳಬೇಡಿ, ಸ್ವೆಟರ್ ಹಾಕಿಕೊಂಡು ಹೋಗಿ.