ಸಿಎನ್‌ಸಿ ಕಾರ್ಯಾಗಾರದಲ್ಲಿ ಧೂಳು ಹಿಡಿಯುವ ಕ್ರಮ

ಶಿವಮೊಗ್ಗ ಜಿಲ್ಲೆಯ ಸಾಗರದ ಗುಡಿಗಾರರು ಉಳಿ ಹಿಡಿದು ಕೆತ್ತುವಾಗ ಬೀಳುವುದು ಚಕ್ಕೆ. ಅದು ಕಾಲಬುಡದಲ್ಲೇ ಬೀಳುತ್ತದೆ, ಸಂಜೆ ಗುಡಿಸಿದರೆ ಮುಗಿಯಿತು. ಅದೇ ಸಾಗುವಾನಿ ಹಲಗೆಯ ಮೇಲೆ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಕೆತ್ತನೆ ಯಂತ್ರದ, ನಿಮಿಷಕ್ಕೆ 18,000 ಸುತ್ತು ತಿರುಗುವ ಬಿಟ್ (ಕೊರೆಯುವ ಅಲಗು) ಇಳಿದರೆ ಚಕ್ಕೆಯ ಜೊತೆಗೆ ಹಿಟ್ಟಿನಷ್ಟು ನಯವಾದ ಧೂಳೂ ಏಳುತ್ತದೆ. ಚಕ್ಕೆಯಿಂದ ತೊಂದರೆಯಿಲ್ಲ. ಕಣ್ಣಿಗೆ ಕಾಣದ ಆ ಧೂಳು ಯಂತ್ರ ನಿಂತ ಮೇಲೂ ಗಂಟೆಗಟ್ಟಲೆ ಗಾಳಿಯಲ್ಲೇ ಇರುತ್ತದೆ. 10 ಮೈಕ್ರಾನಿಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಸಣ್ಣ ಕಣಗಳು ಗಂಟಲು ದಾಟಿ ಒಳಗೆ ಹೋಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ್ದು 1995ರಲ್ಲಿ. ಬೀಟೆಯ ಧೂಳಿನಿಂದ ಮೈಯೆಲ್ಲ ತುರಿಕೆ ಏಳುವುದು ನಮ್ಮ ಕಡೆಯ ಬಡಗಿಗಳಿಗೆ ಮೊದಲಿನಿಂದಲೂ ಗೊತ್ತು. ಮರದ ನಾರನ್ನು ಅಂಟು ಬೆರೆಸಿ ಒತ್ತಿ ಮಾಡಿದ ಎಂಡಿಎಫ್ ಹಲಗೆಯಾದರೆ ಮರದ ಜೊತೆಗೆ ಫಾರ್ಮಾಲ್ಡಿಹೈಡ್ ಅಂಟಿನ ಪುಡಿಯೂ ಸೇರಿರುತ್ತದೆ.

ಸಾಗರದಲ್ಲಿ ನಾನು 8x4 ಅಡಿಯ ಸಿಎನ್‌ಸಿ ರೂಟರ್ (ಇಂಥದೇ ಕೆತ್ತನೆ ಯಂತ್ರ) ಇಟ್ಟುಕೊಂಡು ದೇವರಮನೆ ಬಾಗಿಲು, ಎಂಡಿಎಫ್ ಜಾಲರಿ ಕೆಲಸ ಮಾಡುತ್ತೇನೆ. ಹೊಸದಾಗಿ ಯಂತ್ರ ತಂದವರು ನೋಡಲು ಬರುತ್ತಾರೆ. ಅವರು ಮೊದಲು ಕೇಳುವುದು, "ಧೂಳು ಹೀರುವ ಡಸ್ಟ್ ಕಲೆಕ್ಟರಿಗೆ ಎಷ್ಟು ಎಚ್‌ಪಿ ಮೋಟಾರು ಹಾಕಲಿ?" ಎಂದು. ಮೋಟಾರಿನ ಮಾತು ಆಮೇಲಾಗಲಿ. ಬಿಟ್ಟಿನ ಹತ್ತಿರ ನಿಮಿಷಕ್ಕೆ ಎಷ್ಟು ಗಾಳಿ ಸಾಗುತ್ತದೆ ಎನ್ನುವುದೇ ಮೊದಲು ತಿಳಿಯಬೇಕಾದದ್ದು. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಮರದ ಪುಡಿ ಪೈಪಿನಲ್ಲಿ ಕೂರದೆ ಸಾಗಬೇಕಾದರೆ ಗಾಳಿಯ ವೇಗ ಸೆಕೆಂಡಿಗೆ ಸುಮಾರು 20 ಮೀಟರ್ ಇರಬೇಕು. ಆ ವೇಗದಲ್ಲಿ 4 ಇಂಚಿನ ಪೈಪು ಒಯ್ಯುವುದು ಸುಮಾರು 350 ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ. 6 ಇಂಚಿನದು 750ಕ್ಕೂ ಹೆಚ್ಚು ಒಯ್ಯುತ್ತದೆ. ದೊಡ್ಡ ರೂಟರಿಗೆ ಕನಿಷ್ಠ 600 ಸಿಎಫ್‌ಎಂ ಬೇಕೆಂದು ಇಟ್ಟುಕೊಂಡರೆ, 4 ಇಂಚಿನ ಪೈಪು ಹಾಕಿ ಎಷ್ಟು ದೊಡ್ಡ ಮೋಟಾರು ಕೂರಿಸಿದರೂ ದುಡ್ಡು ದಂಡ. ಮುಖ್ಯ ಪೈಪು 6 ಇಂಚು, ಬ್ಲೋವರ್ (ಗಾಳಿ ಎಳೆಯುವ ಫ್ಯಾನು) 3 ಎಚ್‌ಪಿ: ಇದು ನನ್ನ ಸಲಹೆ. ಬ್ಲೋವರ್ ಮಾರುವವರ ಪಟ್ಟಿಯಲ್ಲಿ ಬರೆದಿರುವ ಸಿಎಫ್‌ಎಂ ಅಂಕಿಯನ್ನು ಪೈಪು, ಫಿಲ್ಟರು ಏನೂ ಇಲ್ಲದೆ ಅಳೆದಿರುತ್ತಾರೆ. ಅದರ ಅರ್ಧ ಸಿಕ್ಕೀತು ಎಂದು ಲೆಕ್ಕ ಹಾಕಿ. ಬ್ಲೋವರ್ ಸಣ್ಣದಿದ್ದು ಪೈಪು ಮಾತ್ರ ದೊಡ್ಡದಾದರೆ ವೇಗ ಇಳಿದು ಪುಡಿ ಪೈಪಿನಲ್ಲೇ ಕೂರುತ್ತದೆ. ಎರಡೂ ಒಂದಕ್ಕೊಂದು ಹೊಂದಬೇಕು. ಮೇಜಿನ ಮೇಲೆ ಇಡುವಂಥ ಪುಟ್ಟ ಯಂತ್ರವಾದರೆ ಒಳ್ಳೆಯ ವ್ಯಾಕ್ಯೂಮ್ ಕ್ಲೀನರೇ ಸಾಕು, ಇಷ್ಟೆಲ್ಲ ಬೇಕಾಗಿಲ್ಲ.

ಪೈಪಿಗೆ ದೂರ ಹೋಗಬೇಕಾಗಿಲ್ಲ. ಅಡಿಕೆ ತೋಟಕ್ಕೆ ನೀರಿನ ಪೈಪು ಮಾರುವ ಅಂಗಡಿಯಲ್ಲೇ 160 ಮಿಲಿಮೀಟರಿನ, ಅಂದರೆ ಸುಮಾರು 6 ಇಂಚಿನ ಪಿವಿಸಿ ಸಿಗುತ್ತದೆ. ತೆಳು ಗೋಡೆಯದು ಸಾಕು. 90 ಡಿಗ್ರಿಯ ಬೆಂಡ್ ಒಂದನ್ನು ಹಾಕುವ ಕಡೆ 45ರ ಎರಡು ಬೆಂಡ್‌ಗಳನ್ನು ನಡುವೆ ಒಂದು ತುಂಡು ಪೈಪು ಕೊಟ್ಟು ಜೋಡಿಸಿ. ಕವಲೊಡೆಯುವಲ್ಲಿ ಟಿ ಆಕಾರದ ಕೀಲು ಬೇಡ, ಗಾಳಿ ಸಾಗುವ ದಿಕ್ಕಿಗೆ ಓರೆಯಾಗಿರುವ ವೈ ಆಕಾರದ್ದು ಹಾಕಿ. ಕೀಲುಗಳಿಗೆ ಸ್ಕ್ರೂ ಹೊಡೆದರೆ ಒಳಗೆ ಚಾಚಿದ ಮೊನೆಗೆ ಉದ್ದನೆಯ ಸಿಬಿರು ಸಿಕ್ಕಿ ಕಟ್ಟಿಕೊಳ್ಳುತ್ತದೆ. ಅಂಟೂ ಹಾಕಬೇಡಿ. ಟೇಪು ಸುತ್ತಿದರೆ ಬೇಕಾದಾಗ ಬಿಚ್ಚಬಹುದು. ಬಾಗುವ ಹೋಸಿನ ಒಳಮೈ ಸುಕ್ಕುಸುಕ್ಕಾಗಿರುವುದರಿಂದ ಅದು ಗಾಳಿಯನ್ನು ತುಂಬಾ ತಡೆಯುತ್ತದೆ. ಮಾಡಿನ ಜಂತಿಯಿಂದ ಗ್ಯಾಂಟ್ರಿಯವರೆಗೆ (ಹಲಗೆಯ ಮೇಲೆ ಹಿಂದೆ ಮುಂದೆ ಓಡುವ ಯಂತ್ರದ ಅಡ್ಡತೊಲೆ) ಎಷ್ಟು ಅನಿವಾರ್ಯವೋ ಅಷ್ಟೇ ಉದ್ದ ಬಳಸಿ. ಹೋಸಿನೊಳಗಿನ ಸುರುಳಿ ತಂತಿಯನ್ನು ಎರಡೂ ತುದಿಯಲ್ಲಿ ಸುಲಿದು ಅರ್ಥಿಂಗಿಗೆ ಕಟ್ಟಿ. ಮಳೆಗಾಲದಲ್ಲಿ ಇದರ ಅಗತ್ಯವೇ ತಿಳಿಯುವುದಿಲ್ಲ. ಜನವರಿ, ಫೆಬ್ರುವರಿಯ ಒಣ ಹವೆಯಲ್ಲಿ ಹೋಸಿನಲ್ಲಿ ಹುಟ್ಟುವ ಸ್ಥಿರವಿದ್ಯುತ್ತು ಕಂಟ್ರೋಲರಿಗೆ ಹಾರಿದರೆ ಕೆತ್ತನೆ ನಡುವೆಯೇ ನಿಂತುಬಿಡಬಹುದು.

ಇಡೀ ವ್ಯವಸ್ಥೆಯಲ್ಲಿ ನನ್ನ ಮನಸ್ಸು ಹೆಚ್ಚು ಹತ್ತಿದ್ದು ಡಸ್ಟ್ ಶೂಗೆ, ಅಂದರೆ ಬಿಟ್ಟಿನ ಸುತ್ತ ಬ್ರಷ್ಷಿನ ಅಂಚು ಕಟ್ಟಿದ ಮುಚ್ಚಳಕ್ಕೆ. ಧೂಳನ್ನು ಹುಟ್ಟಿದಲ್ಲೇ ಹಿಡಿಯಬೇಕು. ಒಂದು ಅಡಿ ದೂರ ಹೋದ ಧೂಳನ್ನು ಯಾವ ಬ್ಲೋವರೂ ಮರಳಿ ಎಳೆಯಲಾರದು. ಶೂ ಎರಡು ಬಗೆ. ಒಂದು ಬಿಟ್ ಹಿಡಿದು ತಿರುಗಿಸುವ ಮೋಟಾರಿಗೆ, ಅಂದರೆ ಸ್ಪಿಂಡಲ್ಲಿಗೆ ಕಟ್ಟಿದ್ದು, ಅದರ ಜೊತೆಗೇ ಏರಿ ಇಳಿಯುತ್ತದೆ. ಹಾಳೆ ಕತ್ತರಿಸುವ ಕೆಲಸಕ್ಕೆ ಇದು ಸಾಕು. ಬಾಗಿಲಿನ ಮೇಲೆ ಉಬ್ಬುಚಿತ್ರ ಕೆತ್ತುವಾಗ ಮಾತ್ರ ಬಿಟ್ ಮೇಲೆ ಬಂದಾಗ ಬ್ರಷ್ ಹಲಗೆ ಬಿಟ್ಟೇಳುತ್ತದೆ, ಆಳಕ್ಕೆ ಹೋದಾಗ ಮಡಚಿಕೊಳ್ಳುತ್ತದೆ. ಇನ್ನೊಂದು ಬಗೆಯನ್ನು ಗ್ಯಾಂಟ್ರಿಯ ಗಾಡಿಗೆ ಕಟ್ಟುತ್ತಾರೆ. ಸ್ಪಿಂಡಲ್ ಏರಿದರೂ ಇಳಿದರೂ ಶೂ ಹಲಗೆಯ ಮಟ್ಟದಲ್ಲೇ ನಿಲ್ಲುತ್ತದೆ. ಕೆತ್ತನೆ ಕೆಲಸ ಮಾಡುವವರು ಕಣ್ಣುಮುಚ್ಚಿ ಇದನ್ನೇ ಆರಿಸಿಕೊಳ್ಳಿ.

ಶೂ ತಟ್ಟೆಯನ್ನು 10 ಮಿಲಿಮೀಟರಿನ ಪಾರದರ್ಶಕ ಅಕ್ರಿಲಿಕ್‌ನಲ್ಲಿ ನಿಮ್ಮ ಯಂತ್ರದಲ್ಲೇ ಕತ್ತರಿಸಿಕೊಳ್ಳಬಹುದು. ಬಿಟ್ ಕಾಣುತ್ತಿರಬೇಕು, ಅದಕ್ಕೇ ಪಾರದರ್ಶಕ. ಕೆಳಗಿನ ಅರ್ಧಭಾಗವನ್ನು ಅಯಸ್ಕಾಂತದಿಂದ ಹಿಡಿಸಿದರೆ ಬಿಟ್ ಬದಲಿಸುವಾಗ ಒಂದು ಕೈಯಲ್ಲಿ ತೆಗೆದಿಡಬಹುದು. ಕಳಚಲು ತ್ರಾಸವಾದರೆ ಕೆಲಸದವರು ಎರಡನೆಯ ವಾರದಿಂದ ಶೂ ಹಾಕುವುದನ್ನೇ ಬಿಡುತ್ತಾರೆ. ಹೀರುವ ಬಾಯಿ ಬಿಟ್ಟಿಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು, ಅದರ ಅಗಲ ಹೋಸಿಗಿಂತ ಕಡಿಮೆಯಾಗಬಾರದು. ಬ್ರಷ್ ಹಲಗೆಗೆ ತಾಗಿ ನಾಲ್ಕೈದು ಮಿಲಿಮೀಟರ್ ಬಾಗಿದರೆ ಸಾಕು. ಒಳಗೆ ಗಾಳಿ ನುಗ್ಗಲು ದಾರಿ ಬೇಕಾದ್ದರಿಂದ ರಬ್ಬರ್ ಪಟ್ಟಿ ಹಾಕಿ ಪೂರ್ತಿ ಮುಚ್ಚಬೇಡಿ. ಗಾಳಿಯಿಂದ ತಣಿಯುವ ಸ್ಪಿಂಡಲ್ ನಿಮ್ಮದಾದರೆ ಅದರ ಫ್ಯಾನು ಕೆಳಮುಖವಾಗಿ ಊದುತ್ತಿದೆಯೇ ನೋಡಿ. ಊದುತ್ತಿದ್ದರೆ ಶೂ ಒಳಗಿನ ಧೂಳನ್ನು ಅದೇ ಹೊರಗೆ ತಳ್ಳುತ್ತದೆ. ಶೂ ಮೇಲ್ಭಾಗದಲ್ಲಿ ಸ್ಪಿಂಡಲ್ಲಿನ ಮೈಗೆ ಒತ್ತಿ ಕೂರುವಂತೆ ಒಂದು ಬಿಲ್ಲೆ ಹಾಕಿ ಆ ಗಾಳಿಯನ್ನು ಪಕ್ಕಕ್ಕೆ ತಿರುಗಿಸಿ.

ಬ್ಲೋವರಿಗೆ ಮೊದಲು ಸೈಕ್ಲೋನ್ (ಗಾಳಿಯನ್ನು ಸುತ್ತಿಸುವ ಶಂಕುವಿನಾಕಾರದ ಪಾತ್ರೆ) ಇರಲಿ. ಗಾಳಿ ಸುತ್ತುತ್ತಾ ಹೋಗುವಾಗ ಚಕ್ಕೆ, ದಪ್ಪ ಪುಡಿ ಕೆಳಗಿನ ಡ್ರಮ್ಮಿಗೆ ಬೀಳುತ್ತದೆ, ನಯವಾದದ್ದು ಮಾತ್ರ ಫಿಲ್ಟರಿಗೆ ಹೋಗುತ್ತದೆ. ಡ್ರಮ್ಮಿನ ಮುಚ್ಚಳ ಎಲ್ಲೂ ಸೋರಬಾರದು. ಬೆರಳಗಲ ಸಂದಿಯಿದ್ದರೂ ಬಿದ್ದ ಪುಡಿ ಮತ್ತೆ ಮೇಲೆದ್ದು ಫಿಲ್ಟರ್ ಸೇರುತ್ತದೆ. ಬ್ಲೋವರ್ ಓಡಿಸಿ ಊದುಬತ್ತಿಯನ್ನು ಮುಚ್ಚಳದ ಸುತ್ತ ನಿಧಾನವಾಗಿ ಒಯ್ಯಿರಿ. ಹೊಗೆ ಒಳಗೆ ಎಳೆದಲ್ಲಿ ಸೋರಿಕೆಯಿದೆ. ಪುಡಿ ಎಲ್ಲೂ ಹಾರದಂತೆ ಗುಡಿಸಿಟ್ಟ ಮೇಲೆ ಮಾತ್ರ ಈ ಪರೀಕ್ಷೆ ಮಾಡಿ. ತೆಳು ಪ್ಲಾಸ್ಟಿಕ್ ಡ್ರಮ್ಮಾದರೆ ಹೋಸ್ ಕಟ್ಟಿಕೊಂಡಾಗ ಒಳಕ್ಕೆ ಕುಸಿಯುತ್ತದೆ, ಕಬ್ಬಿಣದ್ದೇ ತನ್ನಿ.

ಫಿಲ್ಟರಿನ ವಿಷಯದಲ್ಲಿ ಮಲೆನಾಡಿನ ಲೆಕ್ಕ ಬೇರೆ. ಅಗ್ಗದ ಬಟ್ಟೆಚೀಲ 30 ಮೈಕ್ರಾನಿನದಾಗಿದ್ದರೆ ಅದು ಚಕ್ಕೆ ಹಿಡಿದುಕೊಂಡು ಅಪಾಯದ ಧೂಳನ್ನು ಕೋಣೆಗೇ ಬಿಡುತ್ತದೆ. ಮಡಿಕೆ ಮಡಿಕೆಯಾಗಿ ಮಡಚಿದ 1 ಮೈಕ್ರಾನಿನ ಫಿಲ್ಟರ್ ತರಿಸಿ. ಬೇಸಿಗೆಯಲ್ಲಾದರೆ ಫಿಲ್ಟರನ್ನೇ ಬಿಟ್ಟು ಗಾಳಿಯನ್ನು ಹೊರಕ್ಕೆ ಕಳಿಸಬಹುದು, ಅಕ್ಕಪಕ್ಕ ಮನೆಗಳಿಲ್ಲದಿದ್ದರೆ. ಮಳೆಗಾಲದಲ್ಲಿ ಅದು ಆಗದ ಮಾತು. 20x30 ಅಡಿಯ, 12 ಅಡಿ ಎತ್ತರದ ಕೋಣೆಯಲ್ಲಿರುವುದು 7,200 ಘನ ಅಡಿ ಗಾಳಿ. 750 ಸಿಎಫ್‌ಎಂನಲ್ಲಿ ಹತ್ತು ನಿಮಿಷದೊಳಗೆ ಅಷ್ಟೂ ಹೊರಗೆ ಹೋಗಿ, ಬದಲಿಗೆ ಜುಲೈ ತಿಂಗಳ ಒದ್ದೆ ಗಾಳಿ ಒಳಗೆ ತುಂಬುತ್ತದೆ. ಎಂಡಿಎಫ್ ಉಬ್ಬುತ್ತದೆ, ಯಂತ್ರದ ಹಳಿಗಳಿಗೆ ತುಕ್ಕು ಹಿಡಿಯುತ್ತದೆ. ಆದ್ದರಿಂದ ಬ್ಲೋವರಿನ ಹೊರಬಾಯಿಗೆ ಎರಡು ದಾರಿಯ ತಗಡಿನ ಬಾಗಿಲು ಮಾಡಿಸಿ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಗಿನ ಫಿಲ್ಟರಿಗೆ, ಉಳಿದ ಕಾಲಕ್ಕೆ ಹೊರಕ್ಕೆ. ಮಳೆ ಪಡುವಣದಿಂದ ಹೊಡೆಯುವುದರಿಂದ ಹೊರಬಾಯಿ ಮೂಡಣ ಗೋಡೆಯಲ್ಲಿ, ಸೂರಿನ ಕೆಳಗೆ, ಕೆಳಮುಖವಾಗಿರಲಿ. ಮಳೆಗಾಲದಲ್ಲಿ ಪ್ರತಿ ಸಂಜೆ ಬಾಗಿಲು ಹಾಕುವ ಮುಂಚೆ ಫಿಲ್ಟರ್ ಕೊಡವಿ. ರಾತ್ರಿಯ ತೇವಕ್ಕೆ ಎಂಡಿಎಫ್ ಪುಡಿ ಮಡಿಕೆಗಳಲ್ಲಿ ಗಟ್ಟಿಯಾಗಿ ಕಚ್ಚಿಕೊಂಡರೆ ಮತ್ತೆ ಬಿಡುವುದಿಲ್ಲ.

ಫಿಲ್ಟರ್ ಎಷ್ಟು ಕಟ್ಟಿದೆ ಎಂದು ತಿಳಿಯಲು ಗಾರೆಯವರು ಮಟ್ಟ ನೋಡುವ ಪಾರದರ್ಶಕ ಪೈಪಿನ ತುಂಡು ಸಾಕು. ಅದನ್ನು ಯು ಆಕಾರದಲ್ಲಿ ಹಲಗೆಗೆ ಬಿಗಿದು, ಒಂದು ತೊಟ್ಟು ಶಾಯಿ ಬೆರೆಸಿದ ನೀರನ್ನು ಅರ್ಧದವರೆಗೆ ತುಂಬಿ. ಒಂದು ತುದಿಯನ್ನು ಬ್ಲೋವರಿಗೂ ಫಿಲ್ಟರಿಗೂ ನಡುವೆ ಪೈಪಿಗೆ ಸಣ್ಣ ತೂತು ಕೊರೆದು ಸೇರಿಸಿ, ಇನ್ನೊಂದು ತೆರೆದಿರಲಿ. ಹೊಸ ಫಿಲ್ಟರಿನಲ್ಲಿ ಎರಡು ಕಡೆಯ ನೀರಿಗೆ ಎಷ್ಟು ಅಂತರವಿದೆ ಎಂದು ಗುರುತು ಹಾಕಿಕೊಳ್ಳಿ. ಅಂತರ ಅದರ ಎರಡರಷ್ಟಾದ ದಿನ ಫಿಲ್ಟರ್ ಬಿಚ್ಚಿ ತೊಳೆಯಿರಿ ಅಥವಾ ಬದಲಿಸಿ.

ಮೂರು ಫೇಸಿನ ಮೋಟಾರು ಹಾಕಿದವರು ಒಂದು ವಿಷಯ ನೆನಪಿಡಬೇಕು. ಗಾಳಿಮಳೆಗೆ ಮರ ಬಿದ್ದು ತಂತಿ ಹರಿದು, ದುರಸ್ತಿಯಾದ ಮೇಲೆ ಫೇಸುಗಳ ಸರದಿ ಅದಲುಬದಲಾಗಬಹುದು. ಆಗ ಬ್ಲೋವರ್ ಹಿಂದುಮುಂದಾಗಿ ತಿರುಗುತ್ತದೆ. ಆದರೂ ಗಾಳಿ ಎಳೆಯುತ್ತಲೇ ಇರುತ್ತದೆ, ಬಹಳ ಕಡಿಮೆ ಅಷ್ಟೇ. ಸ್ಪಿಂಡಲ್ ವಿಎಫ್‌ಡಿ (ಮೋಟಾರಿನ ವೇಗ ನಿಯಂತ್ರಿಸುವ ಸಾಧನ) ಮೂಲಕ ಓಡುವುದರಿಂದ ಅದರಲ್ಲಿ ಏನೂ ವ್ಯತ್ಯಾಸ ಕಾಣದು, ಹಾಗಾಗಿ ಯಾರಿಗೂ ಅನುಮಾನವೇ ಬರುವುದಿಲ್ಲ. ಬ್ಲೋವರಿನ ಮೈಮೇಲೆ ಬಾಣದ ಗುರುತು ಇರುತ್ತದೆ. ಕರೆಂಟು ಹೋಗಿ ಬಂದ ಪ್ರತಿ ಸಲವೂ ಮೋಟಾರಿನ ಹಿಂದಿನ ಫ್ಯಾನು ಆ ದಿಕ್ಕಿಗೇ ತಿರುಗುತ್ತಿದೆಯೇ ನೋಡಿ. ತಿರುಗದಿದ್ದರೆ ಎಲೆಕ್ಟ್ರೀಷಿಯನ್ನರಿಂದ ಎರಡು ಫೇಸು ಅದಲುಬದಲು ಮಾಡಿಸಿ.

ಬೆಂಕಿಯ ಭಯ ನನಗೆ ಧೂಳಿನಷ್ಟೇ ಇದೆ. ಹಳೆಯ ತೊಟ್ಟಿಮನೆ ಬಿಚ್ಚಿದ ತೊಲೆ, ಹಲಗೆಗಳು ಕೆತ್ತನೆಗೆ ಬರುತ್ತವೆ. ಒಳಗೆ ಮುರಿದು ಉಳಿದ ಮೊಳೆಗೆ ಬಿಟ್ ತಾಗಿದರೆ ಹಾರುವ ಕಿಡಿ ನೇರವಾಗಿ ಡ್ರಮ್ಮಿಗೆ ಹೋಗುತ್ತದೆ. ಅದು ಗಂಟೆಗಟ್ಟಲೆ ಒಳಗೊಳಗೇ ಹೊಗೆಯಾಡಿ ನಡುರಾತ್ರಿ ಹೊತ್ತಿಕೊಳ್ಳಬಹುದು. ಹಳೆ ಮರವನ್ನು ಕೈಯಲ್ಲಿ ಹಿಡಿಯುವ ಲೋಹಶೋಧಕದಿಂದ ಪೂರ್ತಿ ತಡಕದೆ ಯಂತ್ರಕ್ಕೆ ಏರಿಸಬೇಡಿ. ಮೊಂಡಾದ ಬಿಟ್ ಒಂದೇ ಕಡೆ ಉಜ್ಜಿದರೂ ಕೆಂಡ ಏಳುತ್ತದೆ. ಡ್ರಮ್ಮನ್ನು ದಿನವೂ ಖಾಲಿ ಮಾಡಿ, ಚೀಲಗಳನ್ನು ಕಟ್ಟಡದಿಂದ ದೂರ ಇಡಿ. ಖಾಲಿ ಮಾಡುವವರು ಎನ್95 ಮಾಸ್ಕ್ ಹಾಕಿಕೊಳ್ಳಲಿ. ಇಡೀ ದಿನ ಹಿಡಿದ ಧೂಳು ಮುಖಕ್ಕೆ ಏಳುವುದು ಆಗಲೇ.

ಎಲ್ಲ ಕೂರಿಸಿದ ಮೇಲೆ ಕತ್ತಲಾದಾಗ ದೀಪ ಆರಿಸಿ, ಕೆತ್ತನೆ ನಡೆಯುತ್ತಿರುವಾಗಲೇ ದೂರದಿಂದ ಬ್ಯಾಟರಿ ಬೆಳಕನ್ನು ಶೂ ಪಕ್ಕದಲ್ಲಿ ಅಡ್ಡಲಾಗಿ ಹಾಯಿಸಿ. ಬೆಳಕಿನ ಕೋಲಿನಲ್ಲಿ ಧೂಳು ಕುಣಿಯುತ್ತಿದ್ದರೆ ಶೂ ಅಥವಾ ಫಿಲ್ಟರಿನಲ್ಲಿ ಇನ್ನೂ ಕೆಲಸ ಬಾಕಿಯಿದೆ.

ಹೊಟ್ಟು ಕೇಳಿಕೊಂಡು ಕೊಟ್ಟಿಗೆಗೆ ಹಾಸಲು, ಬಚ್ಚಲೊಲೆಗೆ ಹಾಕಲು ಜನ ಬರುತ್ತಾರೆ. ಹಲಸು, ಸಾಗುವಾನಿಯ ಹೊಟ್ಟನ್ನು ಧಾರಾಳವಾಗಿ ಕೊಡಿ. ಎಂಡಿಎಫ್, ಪ್ಲೈವುಡ್ಡಿನ ಪುಡಿಯನ್ನು ಮಾತ್ರ ಒಲೆಗೂ ಕೊಟ್ಟಿಗೆಗೂ ತೋಟಕ್ಕೂ ಕೊಡಬಾರದು. ಮರ ಬದಲಿಸುವಾಗ ಡ್ರಮ್ ಖಾಲಿ ಮಾಡಿಯೇ ಮುಂದುವರಿಯಿರಿ, ಎರಡಕ್ಕೂ ಬೇರೆ ಬೇರೆ ಬಣ್ಣದ ಚೀಲ ಇಡಿ.