ಕೊಟ್ಟಿಗೆಯಲ್ಲೇ ಕರುಳು ಕತ್ತರಿಸಿ ಹೊಲಿದದ್ದು: ಹಸುವಿನ ಇಂಟಸಸೆಪ್ಷನ್

ಕರುಳೊಳಗೆ ಕರುಳು ಹೊಕ್ಕ ಹಸುವನ್ನು ಹಳ್ಳಿಯಲ್ಲಿ ಕೊಯ್ದರೆ ಉಳಿಯುವುದಿಲ್ಲ ಎಂದವರೇ ಹೆಚ್ಚು. ಇಂಥ ಶಸ್ತ್ರಚಿಕಿತ್ಸೆ ನಾನು ಹತ್ತು-ಹನ್ನೆರಡು ಮಾಡಿರಬೇಕು, ಏಳೆಂಟು ಮತ್ತೆ ಹಾಲಿಗೆ ಬಂದಿವೆ. ಸತ್ತವು ಬಹುಪಾಲು ಮೂರು ದಿನ ದಾಟಿ ಸಿಕ್ಕವು.

ಮೋಸ ಇರುವುದು ಎರಡನೇ ದಿನ. ನಿನ್ನೆ ಹೊಟ್ಟೆಗೆ ಒದ್ದುಕೊಂಡ ಹಸು ಇವತ್ತು ತಣ್ಣಗೆ ನಿಂತಿರುತ್ತದೆ, ಗುಣವಾಯಿತೆಂದು ಮನೆಯವರು ಸುಮ್ಮನಾಗುತ್ತಾರೆ. ಗುದದೊಳಗೆ ಕೈ ಹಾಕಿದರೆ ಸಗಣಿ ಇಲ್ಲ. ಗ್ಲೌಸಿಗೆ ಜಾಮಿನಂಥ ಕಪ್ಪುಗೆಂಪು ಲೋಳೆ. ಉಬ್ಬಿದ ಕರುಳು ಬೆರಳಿಗೆ ತಾಗಿದರೆ ಸಾಕು, ಗಟ್ಟಿ ಸುರುಳಿಯೇ ಸಿಗಲಿ ಎಂದು ಕಾಯುವುದಿಲ್ಲ. ಭೇದಿಗೆಂದು ಎಣ್ಣೆ, ಮೆಗ್‌ಸಲ್ಫ್ ಕುಡಿಸಿ ಕಾದದ್ದೇ ಮೊದಲೆರಡು ಸೋಲು. ನಾಡಿ 120 ದಾಟಿ, ಹೊಟ್ಟೆಗೆ ಸೂಜಿ ಚುಚ್ಚಿದಾಗ ನಾರುವ ಕಂದು ನೀರು ಬಂದರೆ ಬ್ಲೇಡ್ ಬಿಚ್ಚುವುದಿಲ್ಲ.

ಮೊದಲು ರಕ್ತನಾಳಕ್ಕೆ ನಾರ್ಮಲ್ ಸಲೈನ್ (ಉಪ್ಪುನೀರಿನ ಡ್ರಿಪ್), 15 ಲೀಟರಿನಷ್ಟು. ಕ್ಷಾರವಾದ ಸೋಡಾಬೈಕಾರ್ಬ್ ಮುಟ್ಟಲೇಬೇಡಿ. ಅಬೊಮೇಸಮ್ಮಿನ (ನಾಲ್ಕನೇ ಹೊಟ್ಟೆಯ) ಆಮ್ಲ ಕೆಳಗಿಳಿಯದೆ ರಕ್ತ, ಕ್ಷಾರ ಹೆಚ್ಚಿ, ಆಲ್ಕಲೋಸಿಸ್‌ಗೆ ತಿರುಗಿರುತ್ತದೆ, ಕ್ಲೋರೈಡೂ ಪೊಟ್ಯಾಸಿಯಮ್ಮೂ ಕುಸಿದಿರುತ್ತವೆ.

ಹಸುವನ್ನು ನಿಲ್ಲಿಸಿಕೊಂಡೇ ಬಲ ಪಕ್ಕೆ ಕೊಯ್ಯುತ್ತೇನೆ. ಪಕ್ಕೆ ಮರಗಟ್ಟಲು ಟಿ13, ಎಲ್1, ಎಲ್2 ಪ್ಯಾರಾವರ್ಟಿಬ್ರಲ್ (ಬೆನ್ನೆಲುಬಿನ ಪಕ್ಕದ ಆ ಮೂರು ನರಗಳಿಗೆ ಸೂಜಿ), ಒಂದೊಂದಕ್ಕೆ 20 ಎಂ.ಎಲ್. ಲಿಗ್ನೊಕೇನ್. ಮಂಪರು ಬರಿಸುವ ಜೈಲಜಿನ್ ಕೊಟ್ಟರೆ ಹಸು ಮಲಗಿಬಿಡುತ್ತದೆ. ಕರುಳು ಹೊರಗೆಳೆಯುವಾಗಲೂ ಕುಸಿಯುವುದುಂಟು. ಎಡ ಪಕ್ಕೆಯಿಂದಲೂ ಒಮ್ಮೆ ನೋಡಿದ್ದಾಯಿತು, ರೂಮೆನ್ (ದೊಡ್ಡ ಹೊಟ್ಟೆ) ಗೋಡೆಯಂತೆ ಅಡ್ಡ ನಿಂತಿತು.

ಹೊಕ್ಕ ಕರುಳನ್ನು ಎಳೆದು ಬಿಡಿಸಲು ಹೋಗಬೇಡಿ, ಒದ್ದೆ ಕಾಗದದಂತೆ ಹರಿಯುತ್ತದೆ. ಎರಡೂ ಬದಿ ಗೇಣುದ್ದ ಒಳ್ಳೆಯ ಕರುಳು ಸೇರಿಸಿ ಕತ್ತರಿಸಿ. ನಿಜವಾದ ಕಷ್ಟ ಕರುಳನ್ನು ಹಿಡಿದಿರುವ ಪೊರೆ, ಮೆಸೆಂಟರಿಯದು: ಕೊಬ್ಬಿನಲ್ಲಿ ರಕ್ತನಾಳ ಕಾಣುವುದೇ ಇಲ್ಲ. ಕಣ್ಣಿಗೆ ಬಿದ್ದದ್ದನ್ನಷ್ಟೇ ಕಟ್ಟಿದರೆ ರಾತ್ರಿ ಒಳಗೇ ಸೋರುತ್ತದೆ. ಕೊಬ್ಬನ್ನೇ ಹಿಡಿಹಿಡಿಯಾಗಿ, ಒಂದರ ಮೇಲೊಂದು ಬರುವಂತೆ ಕಟ್ಟಿಕೊಂಡು ಹೋಗಬೇಕು. ಕರುಳು ಅದುಮಿ ಹಿಡಿಯಲು ಡೋಯೆನ್ ಕ್ಲ್ಯಾಂಪಿಗಿಂತ ಸಹಾಯಕನ ಎರಡು ಬೆರಳೇ ಮೇಲು.

ತುದಿಗಳನ್ನು 2-0 ವಿಕ್ರಿಲ್ (ತಾನೇ ಕರಗುವ ದಾರ), ದುಂಡು ಸೂಜಿಯಲ್ಲಿ ಬಿಡಿಬಿಡಿಯಾಗಿ ಹೊಲಿಯುತ್ತೇನೆ, ಮೂರು-ನಾಲ್ಕು ಮಿಲಿಮೀಟರಿಗೊಂದು. ಸುತ್ತಲೂ ಒಂದೇ ದಾರ ಓಡಿಸಿದಾಗ ಚೀಲದ ಬಾಯಿಯಂತೆ ಬಿಗಿದು ದಾರಿ ಕಿರಿದಾಯಿತು. ಮೆಸೆಂಟರಿಯ ಕಿಂಡಿ ಮುಚ್ಚದೆ ಹೊಟ್ಟೆ ಮುಚ್ಚಬೇಡಿ.

ಸಲೈನ್, ದಾರ, ಐದು ದಿನದ ಪೆನಿಸಿಲಿನ್, ನೋವಿಗೆ ಮೆಲಾಕ್ಸಿಕಾಮ್ ಎಲ್ಲ ಸೇರಿ ಏಳೆಂಟು ಸಾವಿರ; ಹಸುವಿನ ಬೆಲೆ ಎಪ್ಪತ್ತು ಸಾವಿರವಿದ್ದಾಗ ಮನೆಯವರು ಒಪ್ಪುತ್ತಾರೆ. ಉಳಿತಾಯಕ್ಕೆಂದು ಒಮ್ಮೆ ಕರುಳಿಗೂ ಅಗ್ಗದ ದಾರವಾದ ಕ್ಯಾಟ್‌ಗಟ್ ಹಾಕಿದೆ, ನಾಲ್ಕನೇ ದಿನ ಹೊಲಿಗೆ ಬಿಟ್ಟಿತು.

ಮರುದಿನದೊಳಗೆ ಕಪ್ಪಗೆ, ನೀರುನೀರಾಗಿ, ಮೂಗು ಮುಚ್ಚುವಷ್ಟು ನಾರುವ ಸಗಣಿ ಬರಬೇಕು. ಅದು ಬಂದ ಮೇಲೆಯೇ ಹಸಿ ಹುಲ್ಲು ಹಾಕಿಸುತ್ತೇನೆ, ಅದೂ ಒಂದು ಹಿಡಿ.